ಇಸ್ತ್ರಿಗೆ ಬಿದ್ದ ಉದ್ದಣ್ಣ

ಇಸ್ತ್ರಿ ಅಂಗಡಿಯವನ ಕೈ ಶುದ್ಧ. ಗಿರಾಕಿಗಳ ಅಂಗಿಯ ಜೇಬಲ್ಲಿ ಏನೇ ಸಿಗಲಿ, ಕಾಗದದಲ್ಲಿ ಸುತ್ತಿ, ಮಡಿಸಿದ ಅಂಗಿಯ ಮೇಲೇ ಪಿನ್ನು ಚುಚ್ಚಿ ಕೊಡುವವನು. ಅದಕ್ಕೇ ಹೆಂಡತಿಯ ತಮ್ಮ ಆಸ್ಪತ್ರೆಯ ಹಾಸಿಗೆಯಿಂದ, "ಭಾವ, ಉದ್ದಣ್ಣನ್ನ ನೀವೇ ತಗೊಂಡು ಹೋಗಿ. ಬೇರೆಯವರ ಕೈಗೆ ಕೊಡಬೇಡಿ" ಎಂದಿದ್ದ.

ಉದ್ದಣ್ಣ ಎಂದರೆ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ. ಲಾರಿ ಓಡಿಸುವ ಭಾವಮೈದ ಆಳು ಗಿಡ್ಡ. ಚಿಕ್ಕಂದಿನಿಂದಲೂ ಆ ಒಬ್ಬನ ಚಿತ್ರವಿರುವ ಕಾರ್ಡುಗಳನ್ನೇ ಕೂಡಿಡುತ್ತಾ ಬಂದಿದ್ದ. "ನನಗೆ ಬರಬೇಕಾದ ಎತ್ತರಾನೂ ಇವನೇ ಬಾಚಿಕೊಂಡುಬಿಟ್ಟ. ಇವನ ಮೇಲೊಂದು ಕಣ್ಣಿಟ್ಟಿರಬೇಕಲ್ಲ!" ಎಂದು ನಗುತ್ತಿದ್ದ. ಅವುಗಳಲ್ಲಿ ನಿಜವಾಗಿ ಬೆಲೆಬಾಳುವುದು ಒಂದೇ, ಉದ್ದಣ್ಣ ಮೊದಲ ವರ್ಷ ಆಡಿದಾಗ ಅಚ್ಚಾದದ್ದು. ಅಂಥದ್ದನ್ನು ಕಾರ್ಡು ಕೂಡಿಡುವವರು ದೊಡ್ಡ ಮೊತ್ತ ಕೊಟ್ಟು ಕೊಳ್ಳುತ್ತಾರೆ.

ಈಗ ಲಾರಿ ಮಗುಚಿ, ಕತ್ತಿನ ಮೂಳೆ ಮುರಿದು, ಭಾವಮೈದ ಕೈಕಾಲು ಆಡದೆ ಮಲಗಿದ್ದ. ಮೂಳೆ ಕೂಡಿಸುವ ಲೋಹದ ಪಟ್ಟಿಯನ್ನು ಮನೆಯವರೇ ದುಡ್ಡು ಕೊಟ್ಟು ತರಿಸಿಕೊಡಬೇಕು. ಆಪರೇಷನ್ ಬೇಗ ಆದರೆ ಕೈಗಳಾದರೂ ಸ್ವಾಧೀನಕ್ಕೆ ಬಂದಾವು ಎಂದಿದ್ದರು ಡಾಕ್ಟರು. ಮಾರುವಂಥದ್ದು ಅಂತ ಮನೆಯಲ್ಲಿ ಉಳಿದಿದ್ದವನು ಉದ್ದಣ್ಣನೊಬ್ಬನೇ.

ಡಬ್ಬಿಯಿಂದ ತೆಗೆದರೆ ಕಾರ್ಡು ತೇವಕ್ಕೆ ತುಸು ಬಾಗಿತ್ತು. ಹೆಂಡತಿ ಅದರ ಅಂಚನ್ನು ಬೆರಳಿಂದ ಒತ್ತಿ ನೋಡಿದಳು. "ಹೀಗೇ ಒಯ್ದರೆ ಅರ್ಧಕ್ಕೆ ಕೇಳ್ತಾರೆ, ರೀ."

"ಮತ್ತೆ ನಾನಿರೋದ್ಯಾಕೆ?"

ಇಸ್ತ್ರಿ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಬಿಸಿ ನೋಡಿದ. ಹತ್ತಿ ಬಟ್ಟೆಯನ್ನು ನೆನೆಸಿ, ಚೆನ್ನಾಗಿ ಹಿಂಡಿ, ಕಾರ್ಡಿನ ಮೇಲೆ ಹಾಸಿದ. ಉಸಿರು ಬಿಗಿಹಿಡಿದು ಒಂದೇ ಸಲ ಒತ್ತಿ ಎತ್ತಿದ. ಕಾರ್ಡು ಹಲಗೆಯಂತೆ ನೆಟ್ಟಗಾಯಿತು. ಅಪಘಾತವಾದಂದಿನಿಂದ ಗಂಡ ಹೆಂಡತಿ ನಕ್ಕದ್ದು ಅದೇ ಮೊದಲು.

ಕಾರ್ಡುಗಳಿಗೆ ಬೆಲೆ ಕಟ್ಟುವ ಅಂಗಡಿಯವಳು ಕೈ ತೊಳೆದು, ಒರೆಸಿಕೊಂಡು, ಅಂಚನ್ನಷ್ಟೇ ಹಿಡಿದು ನೋಡಿದಳು. ದೀಪದ ಕೆಳಗೆ ಓರೆ ಮಾಡಿದಳು.

"ಇದಕ್ಕೆ ಬಿಸಿ ತಗುಲಿಸಿದ್ರಾ, ಅಣ್ಣ?"

"ಬಾಗಿತ್ತು, ಅಮ್ಮಾ. ನೆಟ್ಟಗೆ ಮಾಡಿದೆ. ಬಟ್ಟೆ ಹಾಕಿಯೇ ಮಾಡಿದೆ."

ಅವಳು ಭೂತಗನ್ನಡಿಯನ್ನು ಅವನ ಕಡೆ ತಿರುಗಿಸಿದಳು. ಉದ್ದಣ್ಣನ ಹಣೆ, ಕೆನ್ನೆ, ಕೈಯಲ್ಲಿದ್ದ ಚೆಂಡು, ಎಲ್ಲದರ ಮೇಲೂ ಹತ್ತಿ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿತ್ತು. ಹೊಳಪು ಸತ್ತಿತ್ತು.

"ಬಾಗಿದ್ದ ಹಾಗೇ ತಂದಿದ್ರೆ?"

"ಅದೇನು ದೊಡ್ಡದಲ್ಲ, ಭಾರ ಹೇರಿ ಇಟ್ಟಿದ್ರೆ..." ಎಂದವಳು ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ಏನಾದ್ರೂ ಕೊಡಿ, ಅಮ್ಮಾ. ನಿಮ್ಮ ಕಾಲಿಗೆ ಬೀಳ್ತೀನಿ. ಅವನ ಕೈ ಹೋಗುತ್ತೆ."

"ಕೊಳ್ಳೋರೇ ಇಲ್ಲ, ಅಣ್ಣ. ಸುಳ್ಳು ಆಸೆ ಹುಟ್ಟಿಸಿ ನಿಮ್ಮನ್ನ ಇನ್ನೊಂದು ಅಂಗಡಿಗೆ ಅಲೆಸಲಾರೆ."

ಆದರೂ ಅವಳು ಕಾರ್ಡನ್ನು ಮೇಜಿನ ಮೇಲೆ ಎಸೆಯಲಿಲ್ಲ. ಬೆಲೆಬಾಳುವುದಕ್ಕೆ ಹಾಕುವಂಥ ಹೊಸ ಪಾರದರ್ಶಕ ಲಕೋಟೆಗೆ ಹಾಕಿ, ಬಾಗಿಲವರೆಗೂ ಬಂದು, ಎರಡೂ ಕೈಯಿಂದ ಕೊಟ್ಟಳು.

ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾ ಅವನು ಸುಳ್ಳುಗಳನ್ನು ಹೊಸೆದ. ಕಳೆದುಹೋಯಿತು ಎನ್ನಲೇ? ಬಸ್ಸಲ್ಲಿ ಯಾರೋ ಕದ್ದರು ಎನ್ನಲೇ? ಯಾವುದೂ ಸುಕ್ಕಿಲ್ಲದೆ ಕೂರಲಿಲ್ಲ.

"ಎಷ್ಟಂದ್ರು, ಭಾವ?" ಭಾವಮೈದನ ಕಣ್ಣುಗಳು ಬಾಗಿಲಲ್ಲೇ ಇದ್ದವು. "ಬಾಯಿ ಬಿಡಿ. ನಮ್ಮ ಉದ್ದಣ್ಣ ಕೈ ಬಿಡೋನಲ್ಲ."

ಇಸ್ತ್ರಿಯವನು ಕಾರ್ಡನ್ನು ಅವನ ಮುಖದೆದುರು ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದ.

ಭಾವಮೈದ ನೋಡಿದ. ನೋಡುತ್ತಲೇ ಇದ್ದ.

"ಇಸ್ತ್ರಿ ಮಾಡಿದ್ರಾ?"

"ಮಾಡಿದೆ ಕಣೋ. ಒಳ್ಳೇದಾಗ್ಲಿ ಅಂತ ಮಾಡಿದೆ. ನಿನ್ನ ಕೈ ನಾನೇ ಸುಟ್ಟೆ."

ಭಾವಮೈದ ಕಣ್ಣು ಮುಚ್ಚಿದ. ಬೈಯಲಿ, ಉಗಿಯಲಿ, ಅಕ್ಕನನ್ನು ಕೂಗಿ ಹೇಳಲಿ ಎಂದು ಇಸ್ತ್ರಿಯವನು ಕಾದ. ಮುಚ್ಚಿದ ರೆಪ್ಪೆಗಳಡಿಯಿಂದ ನೀರು ಇಳಿದು ಎರಡೂ ಕಿವಿಗಳ ಕಡೆ ಹರಿಯಿತು.

"ಭಾವ," ಎಂದ ಕೊನೆಗೆ, "ಕಿವಿಯೊಳಗೆ ಹೋಗ್ತಿದೆ. ಸ್ವಲ್ಪ ಒರೆಸಿ."

ಇಸ್ತ್ರಿಯವನು ತನ್ನ ಅಂಗಿಯ ಅಂಚಿನಿಂದ, ಒತ್ತದೆ, ಒರೆಸಿದ. ಮತ್ತೆ ಹರಿಯಿತು, ಮತ್ತೆ ಒರೆಸಿದ. ಇನ್ನೊಂದು ಕೈಯಲ್ಲಿದ್ದ ಉದ್ದಣ್ಣನನ್ನು ಎಲ್ಲಿಡುವುದೋ ಅವನಿಗೆ ತಿಳಿಯಲಿಲ್ಲ.