ಗುಂಡಿಯಣ್ಣನ ದನಿ

ಭಾವ ತೀರಿಕೊಂಡು ಏಳು ತಿಂಗಳಾಗಿತ್ತು. ಬಟ್ಟೆ ಮಡಚುತ್ತಾ ಕೂತಿದ್ದ ಅಕ್ಕ ಇದ್ದಕ್ಕಿದ್ದಂತೆ, "ಅವರ ದನಿ ಮರೆತೇಹೋಯ್ತು ಕಣೇ," ಅಂದಳು. "ಮುಖ ಬರುತ್ತೆ, ನಡಿಗೆ ಬರುತ್ತೆ. ದನಿ ಮಾತ್ರ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ." ರೆಕಾರ್ಡು ಮಾಡಿ ಇಟ್ಟುಕೊಂಡದ್ದೂ ಏನಿರಲಿಲ್ಲ. ಫೋನು ಕಂಡರೆ ಭಾವನಿಗೆ ಆಗುತ್ತಿರಲಿಲ್ಲ. ಹೂಂ, ಹಾಂ ಅಂದು ಇಟ್ಟುಬಿಡುತ್ತಿದ್ದರು. ಅಂದಿನಿಂದ ಅಕ್ಕನ ಮಾತೂ ಕಡಿಮೆಯಾಗುತ್ತಾ ಬಂತು. ನನಗೆ ನಿಜವಾಗಿಯೂ ಭಯವಾಯಿತು.

ನಾನು ಕೈಕಟ್ಟಿ ಕೂರುವವಳಲ್ಲ. ಹಳೇ ಮಾರ್ಕೆಟ್ಟಿನಲ್ಲಿ ನಕಲಿ ಮೇಷ್ಟ್ರಿದ್ದಾರಲ್ಲ! ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದಲೂ, ಭಾನುವಾರ ಸಂಜೆ ನಡುವಿನ ಅಂಗಳದಲ್ಲಿ ನಿಂತು ಅಲ್ಲಿನ ಅಂಗಡಿಯವರ ದನಿಗಳನ್ನೇ ಒಂದೊಂದಾಗಿ ತೆಗೆದು ಜನರನ್ನು ನಗಿಸುವುದು ಅವರ ಕೆಲಸ. ಭಾವ ಮೂವತ್ತು ವರ್ಷ ಅಲ್ಲಿಯೇ ಗುಂಡಿ, ಕೊಕ್ಕೆ, ದಾರ ಮಾರಿದವರು. ಎಲ್ಲರ ಬಾಯಲ್ಲೂ ಗುಂಡಿಯಣ್ಣ. ಮೇಷ್ಟ್ರು ಗುಂಡಿಯಣ್ಣನ ದನಿ ತೆಗೆದರೆ ಇಡೀ ಅಂಗಳ ಬಿದ್ದು ಬಿದ್ದು ನಗುತ್ತಿತ್ತು, ಭಾವನೂ ಸೇರಿ.

"ಪರದೆ ಬಟ್ಟೆ ತರೋಣ ಬಾರೇ," ಎಂದು ಸುಳ್ಳು ಹೇಳಿ ಅಕ್ಕನನ್ನು ಹೊರಡಿಸಿದೆ.

ಮಾರ್ಕೆಟ್ಟಿಗೆ ನೂರೈವತ್ತು ವರ್ಷವಂತೆ. ಕಬ್ಬಿಣದ ಕಂಬಗಳು, ಮೇಲೆ ಗಾಜಿನ ಮಾಡು, ನಡುವೆ ಸವೆದು ತಗ್ಗಾದ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲ ಮೇಲೆಯೇ ನಿಂತು ಫೋಟೋ ತೆಗೆಸಿಕೊಳ್ಳುವವರ ಹಾವಳಿ. "ದಾರಿ ಬಿಡಿ ಸ್ವಾಮಿ, ಇದೇನು ನಿಮ್ಮ ಪಡಸಾಲೇನಾ?" ಎಂದು ರೇಗಿದೆ. ಬಟ್ಟೆ ಅಂಗಡಿಯಲ್ಲಿ ನಾನು ಗಂಟಲು ಹರಿಯುವಷ್ಟು ಚೌಕಾಸಿ ಮಾಡಿದರೂ ಅಕ್ಕ ಬೂದು ಬಣ್ಣದ್ದೊಂದನ್ನು ಬೆರಳಿಂದ ತೋರಿಸಿದಳು, ಅಷ್ಟೇ. ಭಾವನ ಅಂಗಡಿಯಲ್ಲಿ ಈಗ ಯಾರೋ ತಂಪು ಕನ್ನಡಕ ಮಾರುತ್ತಿದ್ದರು. ಅಕ್ಕ ಅತ್ತ ತಿರುಗದೆ ದಾಟಿದಳು.

ಅಂಗಳದಲ್ಲಿ ಮೇಷ್ಟ್ರು ಬಿಸಿನೀರು ಕುಡಿಯುತ್ತಾ ಗಂಟಲು ಹದ ಮಾಡಿಕೊಳ್ಳುತ್ತಿದ್ದರು. ನಾನು ಮೆಲ್ಲಗೆ ವಿಷಯ ಹೇಳಿದೆ.

"ಇಲ್ಲಮ್ಮ. ತೀರಿಕೊಂಡವರ ದನಿ ನಾನು ತೆಗೆಯಲ್ಲ. ಮನೆಯವರು ಕೇಳಿದ್ರೆ ಮಾತ್ರ."

"ನಾನೇನು ಬೀದೀಲಿ ಹೋಗೋಳಾ? ನಾದಿನಿ ಕಣ್ರೀ ನಾನು!"

"ಅವರು ಕೇಳಬೇಕು," ಎಂದು ಮೇಷ್ಟ್ರು ಅಕ್ಕನ ಕಡೆ ನೋಡಿದರು.

ಅಕ್ಕನಿಗೆ ಎಲ್ಲ ಅರ್ಥವಾಯಿತು. "ಪರದೆ ಬಟ್ಟೆ ಅಂದ್ಯಲ್ಲೇ," ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಅವಳೇ ಮೇಷ್ಟ್ರಿಗೆ, "ತೆಗೀರಿ," ಅಂದಳು.

"ಬನ್ನೀ ಬನ್ನೀ... ಅಂಗಿ ಹಳೇದಾದ್ರೇನಂತೇ, ಗುಂಡಿ ಹೊಸದು ಹಾಕೀ!"

ಅಯ್ಯೋ, ಅದೇ ಮೂಗಿನ ಎಳೆತ! "ಗುಂಡಿಯಣ್ಣನೇ ಬಂದ ಹಾಗಾಯ್ತು," ಎಂದು ದಾರದಂಗಡಿಯವರು ಕಣ್ಣೊರೆಸಿಕೊಂಡರು.

"ಇದಲ್ಲ," ಅಂದಳು ಅಕ್ಕ.

ಮೇಷ್ಟ್ರು ಇನ್ನೊಮ್ಮೆ ಕೂಗಿದರು.

"ಅವರು ಮೂಗಲ್ಲಿ ಮಾತಾಡ್ತಿರಲಿಲ್ಲ."

ಮೇಷ್ಟ್ರ ಮುಖ ಇಳಿಯಿತು. "ನಗಿಸೋಕೆ ಅಂತ ಮೂಗು ಸೇರಿಸಿದ್ದು ನಾನೇ ಅಮ್ಮ. ಜನ ಅಂಗಡಿಗೆ ಬಂದು ಅದನ್ನೇ ಕೇಳೋರು. ಆಮೇಲಾಮೇಲೆ ಅವರೂ ನನ್ನ ಹಾಗೇ ಕೂಗೋಕೆ ಶುರು ಮಾಡಿದ್ರು. ಅಸಲಿ ದನಿ ನಾನು ಕೇಳಿ ಇಪ್ಪತ್ತು ವರ್ಷ ಆಗಿರಬೇಕು."

ನಾನೂ ಕೇಳಿರಲಿಲ್ಲ. ನಾನು ಅಕ್ಕನ ಮನೆಗೆ ಹೋಗುವ ಹಗಲು ಹೊತ್ತಿನಲ್ಲಿ ಭಾವ ಇರುತ್ತಿರಲಿಲ್ಲ, ಅವರನ್ನು ಕಂಡು ಮಾತಾಡಿದ್ದೆಲ್ಲ ಅಂಗಡಿಯಲ್ಲೇ. ದಾರದಂಗಡಿಯವರು ಕಣ್ಣೊರೆಸಿಕೊಂಡದ್ದೂ ಭಾವನ ದನಿಗಲ್ಲ, ಮೇಷ್ಟ್ರು ಕಟ್ಟಿದ ದನಿಗೆ.

"ಮನೇಲಿ ಹೇಗೆ ಮಾತಾಡ್ತಿದ್ರು?" ಮೇಷ್ಟ್ರು ಕೇಳಿದರು.

"ಮೆತ್ತಗೆ. ಒಳಗೆ ಬಂದ ಕೂಡಲೇ 'ನೀನು ಉಂಡ್ಯಾ' ಅನ್ನೋರು."

ಮೇಷ್ಟ್ರು ಹಾಗೇ ಹೇಳಿ ನೋಡಿದರು. "ಇಷ್ಟು ಜೋರಲ್ಲ," ಅಂದಳು ಅಕ್ಕ. ಮತ್ತೆ ಹೇಳಿದರು. "ಕೊನೇಲಿ ಎಳೀತಿರಲಿಲ್ಲ, ನುಂಗಿಬಿಡೋರು." ಮತ್ತೆ. "ಅಲ್ಲ. ಕೇಳಿದ ಹಾಗಲ್ಲ, ಗೊತ್ತಿದ್ದೇ ಹೇಳಿದ ಹಾಗೆ." ನಗಲು ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಎಂಟು ಸಲವೋ ಒಂಬತ್ತು ಸಲವೋ. ಮೇಷ್ಟ್ರ ಹಣೆಯಲ್ಲಿ ಬೆವರು. ಇದ್ದ ಆಸೆಯನ್ನೂ ನಾನೇ ಹಾಳು ಮಾಡಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಶಪಿಸಿಕೊಂಡೆ. "ಸಾಕು ಬಾರಕ್ಕ, ಹೋಗೋಣ," ಎಂದು ಅವಳ ಕೈ ಹಿಡಿದೆ.

ಅಕ್ಕ ಕೈ ಬಿಡಿಸಿಕೊಂಡಳು. "ಹಾಗಲ್ಲ ಮೇಷ್ಟ್ರೇ, ಹೀಗೆ," ಎಂದು ಒಮ್ಮೆ ಗಂಟಲು ಸರಿಮಾಡಿಕೊಂಡು, ತಲೆ ತುಸು ಬಗ್ಗಿಸಿ, ಯಾವ ಅವಸರವೂ ಇಲ್ಲದೆ ಹೇಳಿದಳು:

"ನೀನು ಉಂಡ್ಯಾ."

ಹೇಳಿದವಳು ಹಾಗೇ ನಿಂತುಬಿಟ್ಟಳು. ಅಕ್ಕ ಎರಡೂ ಕೈಯಿಂದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಸಿಕ್ತು ಕಣೇ," ಅಂದಳು. ಆಮೇಲೆ ನನಗಲ್ಲ, ಮೇಷ್ಟ್ರಿಗೂ ಅಲ್ಲ, ಮೆಲ್ಲಗೆ, "ಹೂಂ ರೀ, ಉಂಡೆ," ಅಂದಳು.