ಸಿಯೆನಿ ದೊಡ್ಡಮ್ಮನ ಬೆರಳು

ಡಾಕ್ಟರ್ ಮೊಯೆಲಾಂಗಿ ಹದಿನಾಲ್ಕು ವರ್ಷ ಒಂದೇ ಒಂದು ಕಿಣ್ವದ ಹಿಂದೆ ಬಿದ್ದಿದ್ದಳು. ಅಷ್ಟು ವರ್ಷ ಯಾವ ಗಂಡಸಿನ ಹಿಂದೆಯೂ ಬೀಳಲಿಲ್ಲವಲ್ಲ ಎಂಬುದು ಊರಿನ ಹೆಂಗಸರ ಕೊರಗು. ಆ ಕಿಣ್ವವಾದರೂ ಎಂಥದ್ದು! ರಕ್ತದ ಹನಿಯಲ್ಲಿ ನೂರು ಬಗೆಯ ಪದಾರ್ಥವಿದ್ದರೂ ಸಕ್ಕರೆಯೊಂದನ್ನೇ ಹಿಡಿಯುತ್ತದೆ, ಉಳಿದದ್ದನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಉಗುರಗಲದ ಪಟ್ಟಿಗೆ ಸವರಿ ಮೀಟರಿಗೆ ಸಿಕ್ಕಿಸಿ, ಬೆರಳು ಚುಚ್ಚಿ ಹನಿ ರಕ್ತ ತಾಗಿಸಿದರೆ ಐದೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ.

ಇಂಥ ಪಟ್ಟಿಗಳು ಅಂಗಡಿಯಲ್ಲೂ ಸಿಗುತ್ತವೆ. ಆದರೆ ಹಡಗಿನಲ್ಲಿ ಬರುವ ಪಟ್ಟಿಗಳು ಸಮೋವಾದ ಸೆಕೆಗೆ ನಾಲ್ಕು ದಿನ ನಿಲ್ಲುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಮುಗಿಯಿತು, ಬಾಯಿಗೆ ಬಂದ ಅಂಕಿ ಹೇಳುತ್ತಿದ್ದವು. ಸೆಕೆಗೆ ಜಗ್ಗದ ಪಟ್ಟಿ ಮಾಡಿಯೇ ತೀರುತ್ತೇನೆ ಎಂದು ಮೊಯೆ ಹಟ ಹಿಡಿದು ಕೂತದ್ದು ನ್ಯೂಜಿಲೆಂಡಿನ ಡುನೆಡಿನ್ನಿನ ಚಳಿಯಲ್ಲಿ. ಅಲ್ಲಿನ ಪ್ರಯೋಗಾಲಯದಲ್ಲಿ ಬಿಸಿಯನ್ನೂ ತೇವವನ್ನೂ ಹೆಚ್ಚಿಸುವ ಪೆಟ್ಟಿಗೆಯೊಂದಿತ್ತು. ಅದಕ್ಕೆ ತನ್ನ ದ್ವೀಪದ ಹೆಸರನ್ನೇ ಇಟ್ಟು, 'ಸವಾಯಿ' ಎಂದು ಚೀಟಿ ಅಂಟಿಸಿದ್ದಳು. ಪಟ್ಟಿ ಆ ಪೆಟ್ಟಿಗೆಯಲ್ಲಿ ಆರು ತಿಂಗಳು ಕೂತು ಜಪ್ಪಯ್ಯ ಅನ್ನದೆ ಹೊರಬಂದ ದಿನ ಮೊಯೆ ಕುಣಿದಿದ್ದಳು.

ಈಗ ನಿಜವಾದ ಸವಾಯಿಯಲ್ಲಿ ಪರೀಕ್ಷೆ. ಮೂರು ಊರು, ಒಂದೊಂದರಲ್ಲೂ ಮೂರು ಸುತ್ತು. ಖಾಲಿ ಹೊಟ್ಟೆಯಲ್ಲಿ ಬೆರಳಿನ ಹನಿ ಪಟ್ಟಿಗೆ, ತೋಳಿನ ರಕ್ತ ಆಚೆ ದ್ವೀಪದಲ್ಲಿರುವ ರಾಜಧಾನಿ ಅಪಿಯಾದ ದೊಡ್ಡ ಯಂತ್ರಕ್ಕೆ. ಎರಡೂ ಅಂಕಿ ಹೊಂದಬೇಕು. ಎರಡು ಊರುಗಳಲ್ಲಿ ನರ್ಸ್ ಇಲೀಸಾ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಚುಚ್ಚಿದಳು, ಅಂಕಿಗಳು ಅವಳಿ ಮಕ್ಕಳ ಹಾಗೆ ಹೊಂದಿಕೊಂಡವು. ಮೂರನೆಯದು ಮೊಯೆಯ ತಾಯಿಯ ಊರು. ಅಲ್ಲಿಗೆ ಖುದ್ದು ಅವಳೇ ಹೋದಳು, ಅಲ್ಲೇ ಮಾನ ಹೋಯಿತು.

ಅಲ್ಲಿ ಬಳಸುವ ಮಿಲಿಮೋಲ್ ಅಳತೆಯಲ್ಲಿ ಖಾಲಿ ಹೊಟ್ಟೆಗೆ ಐದರ ಆಸುಪಾಸು ಇರಬೇಕಾದ ಅಂಕಿ ಒಬ್ಬಳಿಗೆ ಹದಿನಾರು, ಇನ್ನೊಬ್ಬಳಿಗೆ ಹತ್ತೊಂಬತ್ತು. ದೊಡ್ಡ ಯಂತ್ರ ಮಾತ್ರ ಅವರಿಗೆ ಐದು, ಐದೂವರೆ ಎಂದಿತು. ಎರಡನೆಯ ಸುತ್ತಿನಲ್ಲೂ ಅದೇ ಕಥೆ. ಯಾರಾದರೂ ತಿಂಡಿ ತಿಂದು ಬಂದಿದ್ದೀರಾ ಎಂದು ಮೊಯೆ ಕೇಳಿದ್ದಕ್ಕೆ ಪಾದ್ರಿಯ ಹೆಂಡತಿ ಮುಖ ಊದಿಸಿಕೊಂಡಳು.

"ನಿನ್ನೆ ಸಂಜೆ ಪ್ರಾರ್ಥನೆ ಆದ್ಮೇಲೆ ನೀರು ಬಿಟ್ರೆ ಏನೂ ಮುಟ್ಟಿಲ್ಲಮ್ಮ. ದೇವರ ಮೇಲೆ ಆಣೆ ಇಡ್ಲಾ?"

ಆಣೆ ಬೇಕಿರಲಿಲ್ಲ, ದೊಡ್ಡ ಯಂತ್ರವೇ ಅವಳ ಪರ ಸಾಕ್ಷಿ ಹೇಳಿತ್ತು. ಸುಳ್ಳು ಹೇಳುತ್ತಿದ್ದದ್ದು ಪಟ್ಟಿ. ಮೂರನೆಯ ಸುತ್ತೂ ಹೀಗೇ ಆದರೆ ಪಟ್ಟಿಯನ್ನು ಕೈಬಿಡುವುದಾಗಿ ಡುನೆಡಿನ್ನಿನಿಂದ ಪತ್ರ ಬಂತು. ಹದಿನಾಲ್ಕು ವರ್ಷ ಕಸದಬುಟ್ಟಿಗೆ ಹೋಗಲಿತ್ತು.

ಸಾಲದ್ದಕ್ಕೆ ಸಿಯೆನಿ ದೊಡ್ಡಮ್ಮ ಬೇರೆ. ಮೊಯೆಯ ತಾಯಿಯ ಅಕ್ಕ, ಊರಿನ ಮಹಿಳಾ ಸಮಿತಿಯ ಅಧ್ಯಕ್ಷೆ. ತಿಂಗಳಿಗೊಮ್ಮೆ ಮನೆಮನೆಗೆ ನುಗ್ಗಿ ಚಾಪೆ ಎತ್ತಿ, ಪಾತ್ರೆ ಮೂಸಿ, ಕಕ್ಕಸಿನ ಬಾಗಿಲು ತೆಗೆದು ನೋಡುವ ಸಮಿತಿ ಅದು. ಅಂಗಳದಲ್ಲಿ ಎಲೆ ಬಿದ್ದಿದ್ದರೂ ಮನೆಯೊಡತಿಯ ಹೆಸರು ಸಭೆಯಲ್ಲಿ ಓದಲಾಗುತ್ತಿತ್ತು. ಇಪ್ಪತ್ತೆರಡು ಹೆಂಗಸರನ್ನು ಪರೀಕ್ಷೆಗೆ ಸಾಲಾಗಿ ಕೂರಿಸಿದವಳು ಅವಳೇ, ಆದರೆ ತನ್ನ ಬೆರಳು ಮಾತ್ರ ಕೊಟ್ಟಿರಲಿಲ್ಲ.

"ಮೊದ್ಲು ನಿನ್ನ ಪಟ್ಟಿ ಸುಳ್ಳು ಹೇಳೋದು ಬಿಡ್ಲಿ ಕಣೇ. ಆಮೇಲೆ ಹತ್ತೂ ಬೆರಳು ಕೊಡ್ತೀನಿ," ಎಂದು ನಕ್ಕಿದ್ದಳು. ನಗುನಗುತ್ತಲೇ ಎರಡು ಅನಾನಸನ್ನು ಬುಟ್ಟಿಗೆ ಹಾಕಿ ಕೊಟ್ಟು ದೋಣಿ ಹತ್ತಿಸಿದ್ದಳು.

ಅಪಿಯಾದಲ್ಲಿ ಮೊಯೆ ಒಂದು ಮಧ್ಯಾಹ್ನ ಊಟದ ಬದಲು ಅದರಲ್ಲೊಂದನ್ನು ಹೆಚ್ಚಲು ಕೂತಳು. ಪ್ರಯೋಗಾಲಯದೊಳಗೆ ಏನೂ ತಿನ್ನಬಾರದು ಎಂದು ಬೋರ್ಡು ಬರೆಸಿದವಳು ಅವಳೇ, ಹಾಗಾಗಿ ಹೊರಗಿನ ಮೆಟ್ಟಿಲ ಮೇಲೆ. ಹಣ್ಣು ಬಾಯಿಗಿಡುವ ಮೊದಲು, ದಿನವೂ ಮಾಡುವಂತೆ ಪಟ್ಟಿಯ ಕ್ಷೇಮಸಮಾಚಾರ ನೋಡೋಣವೆಂದು ಕೈಯನ್ನು ಟವೆಲ್ಲಿಗೆ ಒರೆಸಿ, ಸ್ಪಿರಿಟ್ ಹತ್ತಿಯಲ್ಲಿ ಬೆರಳು ಉಜ್ಜಿ, ಚುಚ್ಚಿಕೊಂಡಳು. ಹದಿನೈದು! ಒಳಗೆ ಓಡಿ ಸೋಪು ಹಾಕಿ ಕೈ ತೊಳೆದು ಮತ್ತೆ ಚುಚ್ಚಿದಳು. ಐದು.

ಮೊಯೆ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ನಕ್ಕುಬಿಟ್ಟಳು. ಊರಿನ ಮಗಳು ಬರುತ್ತಾಳೆಂದು ಆ ಇಪ್ಪತ್ತೆರಡು ಹೆಂಗಸರೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತು, ತಾವು ಒಂದು ಚೂರೂ ಬಾಯಿಗೆ ಹಾಕದೆ, ಅವಳಿಗಾಗಿ ರಾಶಿ ರಾಶಿ ಅನಾನಸು, ಪಪ್ಪಾಯಿ ಹೆಚ್ಚುತ್ತಿದ್ದರು. ಕೈ ಒರೆಸಿಕೊಂಡು ನೇರ ಬಂದು ಬೆರಳು ಚಾಚುತ್ತಿದ್ದರು. ಸ್ಪಿರಿಟ್ ಹತ್ತಿ ಆ ರಸವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಸಕ್ಕರೆ ರಕ್ತದಿಂದ ಬಂತೋ ಹಣ್ಣಿನಿಂದ ಬಂತೋ ಎಂದು ವಿಚಾರಿಸುವ ಬುದ್ಧಿ ಕಿಣ್ವಕ್ಕಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನರ್ಸಿಗೆಂದು ಯಾರೂ ಹಣ್ಣು ಹೆಚ್ಚಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾರಣವೇನೋ ಸಿಕ್ಕಿತು. ಆದರೆ ಹೇಳುವುದು ಹೇಗೆ? ಊರಿಗೆಲ್ಲ ಶುಚಿ ಕಲಿಸುವ ಸಮಿತಿಗೆ ನಿಮ್ಮ ಕೈ ಶುಚಿಯಿಲ್ಲ ಎನ್ನುವುದುಂಟೆ?

"ನೀವೇ ಹೇಳ್ಕೊಳ್ಳಿ ಡಾಕ್ಟ್ರೇ," ಎಂದಳು ಇಲೀಸಾ. "ನನ್ನ ಗಂಡನ ಮನೆ ಇರೋದು ಅದೇ ಊರಲ್ಲಿ. ನಾನು ಅಲ್ಲಿ ಇನ್ನೂ ಬಾಳ್ಬೇಕು."

ಮೊಯೆ ಫೋನಿನಲ್ಲಿ ನಯವಾಗಿ, ಈ ಸಲ ಹಣ್ಣೆಲ್ಲ ಬೇಡ ದೊಡ್ಡಮ್ಮ, ಎಂದು ನೋಡಿದಳು.

"ಯಾಕೆ, ಹೋದ ಸಲ ಹುಳಿ ಇತ್ತಾ?" ದೊಡ್ಡಮ್ಮನ ದನಿ ಏರಿತು. "ಮನೆ ಮಗಳನ್ನ ಬರೀ ಚಾಪೆ ಮೇಲೆ ಕೂರಿಸ್ತಾರಾ? ಹುಚ್ಚಿ!"

ಮೂರನೆಯ ಸುತ್ತಿನ ದಿನ ಹಣ್ಣು ದುಪ್ಪಟ್ಟಾಗಿತ್ತು.

ಗೋಡೆಯಿಲ್ಲದ ಸಭಾಮನೆಯಲ್ಲಿ ಹೆಂಗಸರು ಕಂಬಗಳಿಗೆ ಒರಗಿ ಸುತ್ತಲೂ ಕೂತಿದ್ದರು. ಮೊಯೆ ತಟ್ಟೆಯಲ್ಲಿದ್ದ ಹಣ್ಣನ್ನು ಸಾವಕಾಶವಾಗಿ ತಿಂದಳು. ಅತಿಥಿ ತಿಂದ ಮೇಲೆ ಮನೆಯ ಕಿರಿಯರು ಬೋಗುಣಿ, ನೀರು ತಂದು ಅವಳ ಕೈ ತೊಳೆಸುವುದು ಅಲ್ಲಿನ ಮರ್ಯಾದೆ. ಇನ್ನೇನು ನೀರು ಬರಬೇಕು ಎನ್ನುವಾಗ ಮೊಯೆ ಎದ್ದು ಹಿಂದಿನ ಅಡುಗೆಮನೆಗೆ ಹೋದಳು. ಬೋಗುಣಿ, ನೀರಿನ ಜಗ್ಗು, ಸೋಪು, ಹೆಗಲ ಮೇಲೆ ಟವೆಲ್ಲು ಹೊತ್ತು ಬಂದು ಮೊದಲ ಹೆಂಗಸಿನ ಎದುರು ಮಂಡಿಯೂರಿದಳು.

"ಅಯ್ಯೋ ಇದೇನಮ್ಮ!" ಪಾದ್ರಿಯ ಹೆಂಡತಿ ಕೈ ಹಿಂದಕ್ಕೆಳೆದುಕೊಂಡಳು. "ಡಾಕ್ಟ್ರು ಮಾಡೋ ಕೆಲ್ಸಾನಾ ಇದು?"

"ಡಾಕ್ಟ್ರು ಅಪಿಯಾದಲ್ಲಿ. ಇಲ್ಲಿ ನಾನು ಮನೆ ಮಗಳು ತಾನೇ? ಎರಡು ಸಲ ನಿಮ್ಮ ಕೈಲಿ ಸೇವೆ ಮಾಡಿಸ್ಕೊಂಡಿದೀನಿ. ಇವತ್ತು ನನ್ನ ಸರದಿ."

ಇಪ್ಪತ್ತೆರಡು ಜೊತೆ ಕೈಗಳಿಗೆ ಮೊಯೆ ಸೋಪು ಹಚ್ಚಿ, ನೀರು ಸುರಿದು, ಒರೆಸಿದಳು. ಮಂಡಿ ನೋಯುತ್ತಿತ್ತು, ಕೆಲವು ಮುದುಕಿಯರ ಕಣ್ಣಲ್ಲಿ ನೀರಾಡುತ್ತಿತ್ತು. ಹಿಂದೆಯೇ ಇಲೀಸಾ ಚುಚ್ಚುತ್ತ ಬಂದಳು. ಐದು. ಐದೂವರೆ. ನಾಲ್ಕು ಮುಕ್ಕಾಲು. ಶುಗರ್ ಇದೆಯೆಂದು ಮೊದಲೇ ಗೊತ್ತಿದ್ದ ಮೂವರಿಗೆ ಒಂಬತ್ತು, ಹತ್ತು. ಎಲ್ಲವೂ ದೊಡ್ಡ ಯಂತ್ರ ಹೋದ ಸಲ ಹೇಳಿದ ಅಂಕಿಗಳ ಪಕ್ಕದಲ್ಲೇ ಬಂದು ಕೂತವು. ಮೊಯೆಗೆ ಎದ್ದು ಕುಣಿಯಬೇಕೆನಿಸಿತು.

ಕೊನೆಗೆ ಸಿಯೆನಿ ದೊಡ್ಡಮ್ಮ ತಾನಾಗಿಯೇ ಎರಡೂ ಕೈ ಚಾಚಿದಳು. ನೀರು ಬೀಳುವಾಗ ಪಕ್ಕದವರಿಗೆ ಕೇಳದಂತೆ ಕೇಳಿದಳು, "ನಮ್ಮ ಕೈದೇ ತಪ್ಪು ಅಂತ ಯಾವಾಗ ಗೊತ್ತಾಯ್ತು?"

"ಹತ್ತು ದಿನ ಆಯ್ತು."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ನೀವು ನನ್ನ ವಾಪಸ್ ದೋಣಿ ಹತ್ತೋಕೆ ಬಿಡ್ತಿದ್ರಾ?"

"ಈಜ್ಕೊಂಡು ಹೋಗು ಅಂತಿದ್ದೆ," ಎಂದು ದೊಡ್ಡಮ್ಮ ಹೊಟ್ಟೆ ಕುಣಿಸಿ ನಕ್ಕಳು. "ಸರಿ, ಚುಚ್ಚು. ಮಾತು ಮಾತೇ."

ಮೊಯೆ ತಾನೇ ಚುಚ್ಚಿದಳು. ಹದಿನೇಳೂವರೆ.

ಅನಾನಸಿನ ರಸ ಇನ್ನೂ ಉಳಿದಿರಬೇಕು. ಮೊಯೆ ಆ ಕೈಯನ್ನು ಮತ್ತೆ ಸೋಪು ಹಾಕಿ ಎರಡೆರಡು ಸಲ ತೊಳೆದು, ಒಣಗಿಸಿ, ಬೇರೆ ಬೆರಳು ಚುಚ್ಚಿದಳು. ಹದಿನೇಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ತನ್ನ ಪಟ್ಟಿ ಕೆಟ್ಟುಹೋಗಿರಲಪ್ಪಾ ದೇವರೇ ಎಂದು ಅವಳು ಬೇಡಿಕೊಂಡಳು.

"ಡಬ್ಬಿ ಬಿಸಿಲಲ್ಲಿತ್ತು ಅನ್ಸುತ್ತೆ ದೊಡ್ಡಮ್ಮ. ಈ ಪಟ್ಟಿ ಸರಿ ಇಲ್ಲ. ಬೇರೆ ಡಬ್ಬೀದು ತೆಗೀತೀನಿ."

"ಇಪ್ಪತ್ತೆರಡು ಜನಕ್ಕೆ ನಿಜ ಹೇಳಿ, ನನಗೊಬ್ಬಳಿಗೆ ಸುಳ್ಳು ಹೇಳುತ್ತಾ?" ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ಒಂದು ವರ್ಷದಿಂದ ಪಾದ ಜೋಮು ಹಿಡಿದಂಗಿದೆ ಕಣೇ. ಮೊನ್ನೆ ಮೊಳೆ ತುಳಿದ್ರೂ ಗೊತ್ತಾಗ್ಲಿಲ್ಲ. ಅದಕ್ಕೇ ಬೆರಳು ಕೊಡ್ತಿರ್ಲಿಲ್ಲ. ನಿನ್ನ ಪಟ್ಟಿ ಸುಳ್ಳು ಅಂತ ಊರೆಲ್ಲ ಅಂದಾಗ ನನಗೆ ಬೇಜಾರೂ ಆಯ್ತು, ಒಳಗೊಳಗೇ ಸಮಾಧಾನಾನೂ ಆಯ್ತು."

ಮೊಯೆಗೆ ಅಳು ತಡೆಯಲಾಗಲಿಲ್ಲ. ದೊಡ್ಡಮ್ಮ ಅವಳ ಹೆಗಲ ಮೇಲಿದ್ದ ಟವೆಲ್ಲು ತೆಗೆದು ಅವಳ ಮುಖ ಒರೆಸಿ, ಚಾಪೆಯ ಮೇಲಿದ್ದ ಪೆನ್ನನ್ನು ಅವಳ ಕೈಗಿಟ್ಟಳು.

"ಬರ್ಕೋ," ಎಂದಳು. "ಹದಿನೇಳೂವರೆ, ಹದಿನೇಳು. ಎರಡನ್ನೂ ಬರ್ಕೋ."