ಇನ್ನೂ ಒಂದು ಕಾಳು

ನನ್ನ ಮಗ ಸುಭಾಸನಿಗೆ ಇಪ್ಪತ್ತೇಳು ವರ್ಷ. ಯರಗಟ್ಟಿಯ ಬಸ್‌ಸ್ಟ್ಯಾಂಡ್ ಹಿಂದೆ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೈ ಒಳ್ಳೆಯದು, ಬುದ್ಧಿಯೂ ಒಳ್ಳೆಯದೇ. ಆ ಬುದ್ಧಿಯನ್ನು ನಮ್ಮ ಹಿತ್ತಲಿಗೆ ತಂದು ಹರವಿಕೊಂಡಿದ್ದೇ ತಪ್ಪಾಯಿತು. ಎರಡು ಸಾವಿರದ ಒಂದನೇ ಇಸವಿಯಿಂದ, ಅಂದರೆ ಎರಡು ವರ್ಷದಿಂದ, ನಮ್ಮ ಹಿತ್ತಲಿನಲ್ಲಿ ಒಂದು ವಿಮಾನ ಇದೆ. ಒಬ್ಬರು ಕೂರುವಂಥದ್ದು. ಅಲ್ಯೂಮಿನಿಯಂ ಪೈಪಿನ ಮೈ, ಬಟ್ಟೆ ಬಿಗಿದ ರೆಕ್ಕೆ. ಹಗ್ಗ ಕಟ್ಟಲು ಜಾಗವಿಲ್ಲದೆ ನಾನು ಒಗೆದ ಬಟ್ಟೆಯನ್ನು ದನದ ಕೊಟ್ಟಿಗೆಯಲ್ಲಿ ಒಣಗಿಸುತ್ತೇನೆ. ಹಿಟ್ಟು ಸೋಸಿದರೆ ಜರಡಿಯಲ್ಲಿ ಅಲ್ಯೂಮಿನಿಯಂ ಪುಡಿ ಉಳಿಯುತ್ತದೆ. ರೇಷನ್ನಿನ ಸೀಮೆಎಣ್ಣೆ ತಿಂಗಳ ಮೊದಲ ವಾರಕ್ಕೇ ಮುಗಿಯುತ್ತದೆ.

"ಮುಂದ ಫ್ಯಾನ್ ಇರೂವಂಥಾದ್ದು ಮಾಡಬಾರದೇನೋ?" ಎಂದು ಒಮ್ಮೆ ಕೇಳಿದ್ದೆ.

"ಫ್ಯಾನ್ ಯಾರ ಬೇಕಾದ್ರೂ ಮಾಡತಾರವ್ವಾ. ಇದು ಜೆಟ್."

ಗುಜರಿಗೆ ಬಂದ ದೊಡ್ಡ ಲಾರಿಯೊಂದರ ಟರ್ಬೊ ತಂದು, ಅದಕ್ಕೆ ತಾನೇ ಬೆಸುಗೆ ಹಾಕಿದ ಕೊಳವೆ ಜೋಡಿಸಿದ್ದ. ಮುಂದಿನ ಬಾಯಿಂದ ಗಾಳಿ ಎಳೆದುಕೊಳ್ಳುತ್ತದೆ, ಒಳಗೆ ಸೀಮೆಎಣ್ಣೆ ಉರಿಯುತ್ತದೆ, ಹಿಂದಿನಿಂದ ಬಿಸಿಗಾಳಿ ನುಗ್ಗಿ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಇಷ್ಟು ನನಗೂ ಬಾಯಿಪಾಠವಾಗಿದೆ. ಊಟಕ್ಕೆ ಕೂತಾಗೆಲ್ಲ ಅದೇ ಮಾತು. ಮೊದಲ ಸಲ ಹಚ್ಚಿದ ದಿನ ಎಮ್ಮೆ ಹಾಲು ಕೊಡಲಿಲ್ಲ. ಪೇಟೆಯಲ್ಲಿ ಕಾಳಿನ ದಲಾಲಿ ಮಾಡುವ ನಮ್ಮ ಮನೆಯವರದು ಬೇರೆ ಸಂಕಟ. "ಮೂವತ್ತು ವರ್ಷ ಅಡತಿ ಬಸಲಿಂಗಪ್ಪ ಆಗಿದ್ನಿ. ಈಗ ಪ್ಯಾಟ್ಯಾಗ ಎಲ್ಲಾರೂ ಇಮಾನ ಬಸಲಿಂಗಪ್ಪ ಅಂತಾರ," ಎಂದು ಬೈಯುತ್ತಾರೆ, ಮಗನಿಗಲ್ಲ, ನನಗೆ.

ಅದು ಮೇಲೇಳದಿದ್ದರೆ ನನಗೇನೂ ಬೇಜಾರಿಲ್ಲ. ಎದ್ದರೆ ಮಾತ್ರ ಅದರ ಮೇಲೆ ಕೂತಿರುವವನು ನನ್ನ ಮಗ.

ಖಂಡೇನವಮಿಯ ದಿನ ನಾವು ಮನೆಯ ಹತಾರಗಳನ್ನೆಲ್ಲ ಪೂಜೆಗೆ ಇಡುತ್ತೇವೆ. ಕುಡಗೋಲು, ತಕ್ಕಡಿ, ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನಾಗಳು. ಆ ದಿನ ಯಾವುದನ್ನೂ ಮುಟ್ಟಿ ಕೆಲಸ ಮಾಡುವಂತಿಲ್ಲ. ಮರುದಿನ ಬನ್ನಿ ಹಂಚಿದ ಮೇಲೆ ಊರ ಹೊರಗೆ ಕೆಂಪು ಜಲ್ಲಿಮಣ್ಣಿನ ಗರಸಿನ ಬಯಲಿಗೆ ವಿಮಾನ ಒಯ್ದು ಹಾರಿಸುತ್ತೇನೆ ಎಂದು ಸುಭಾಸ ಹೇಳಿದ್ದ. ನಮ್ಮ ಅತ್ತೆ ರಾಚವ್ವನವರು ಟರ್ಬೊಗೂ ವಿಭೂತಿ ಹಚ್ಚಿದರು. ಹಚ್ಚಿ, ಒಂದು ಹಿಡಿ ಜೋಳವನ್ನು ಅದರ ಬಾಯಿಗೆ ಸುರಿದರು.

ಹೊಸ ಬೀಸುವ ಕಲ್ಲು ಮನೆಗೆ ಬಂದರೆ ಮೊದಲ ಹಿಡಿ ಕಾಳು ಕಲ್ಲಿಗೇ ಸೇರಬೇಕೆಂಬುದು ಅತ್ತೆಯವರ ಪದ್ಧತಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹಂಚಿನ ಮೇಲೆ ಹೋಳಿಗೆ ಇತ್ತು. ನಾಲ್ಕು ಕಾಳು ಉರಿದು ಹೋಗುತ್ತವೆ ಬಿಡು ಎಂದುಕೊಂಡು ಹೋಳಿಗೆ ತಿರುವಿ ಹಾಕಿದೆ.

ಊಟದ ಹೊತ್ತಿಗೆ ಸುಭಾಸ ತಂದೆಗೆ ಹೇಳುತ್ತಿದ್ದ: "ಒಂದ ಸಣ್ಣ ಹರಳ ಒಳಗ ಹೋದ್ರ ಸಾಕು ನೋಡಪ್ಪಾ, ಅಲಗ ಚೂರಾಗಿ ಗುಂಡ ಹಾರಿದಂಗ ಹಾರತಾವು."

ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಸುಳ್ಳು ಹೇಳುವುದಿಲ್ಲ, ಒಡೆದು ಹೋದರೆ ಹೋಗಲಿ, ಪೀಡೆ ಕಳೆಯಿತು ಎಂಬುದೇ ಮೊದಲು ಮನಸ್ಸಿಗೆ ಬಂತು. ಹಚ್ಚುವಾಗ ಅವನು ಎಲ್ಲಿ ನಿಲ್ಲುತ್ತಾನೆ ಎಂಬುದು ಆಮೇಲೆ ಬಂತು. ಅದಕ್ಕೆ ಮೊಣಕಾಲು ತಾಗುವಷ್ಟು ಹತ್ತಿರ ನಿಲ್ಲುತ್ತಾನೆ.

"ನಿಮ್ಮಾಯಿ ಅದರಾಗ ಜ್ವಾಳಾ ಹಾಕ್ಯಾರ," ಎಂದೆ.

ಸುಭಾಸ ಎಲೆ ಬಿಟ್ಟು ಎದ್ದು ಅಜ್ಜಿಯ ಕಡೆ ತಿರುಗಿದ. "ಆಯಿ, ಏನ ಮಾಡಿದಿ?"

"ಏನ ಮಾಡಿನಿ? ಉಪವಾಸ ತಿರಗಸಾಂವ ಇದ್ದೇನು ಅದನ್ನ?"

"ಅದು ಬೀಸೂ ಕಲ್ಲಲ್ಲ."

"ಗರಗರ ತಿರಗತೈತೋ ಇಲ್ಲೋ?"

"ತಿರಗತೈತಿ."

"ಮತ್ತ?"

ಪಾನಾಗಳೆಲ್ಲ ಪೂಜೆಗಿದ್ದವು, ಸುಭಾಸ ಮತ್ತೆ ಎಲೆಯ ಮುಂದೆ ಕೂತ.

ಮರುದಿನ ಟರ್ಬೊ ಬಿಚ್ಚಿದ. ಅದರ ಕವಚ ಶಂಖದ ಹಾಗೆ ಸುತ್ತಿಕೊಂಡಿದೆ. ಕಾಳುಗಳು ಆ ಸುತ್ತಿನೊಳಗೆ ಸೇರಿದ್ದವು. ಪಾನಾ ಹಿಡಿದು ದಪ್ಪಗಾದ ಅವನ ಬೆರಳು ಒಳಗೆ ಹೋಗಲಿಲ್ಲ.

"ನಿನ್ನ ಕೈ ಸಣ್ಣೂವು. ಕಾಳ ಆರಿಸಿ ರೂಢಿನೂ ಐತಿ. ಬಳಿ ತಗದು ಕೈ ಹಾಕವ್ವಾ."

"ಮುತ್ತೈದಿಗೆ ಬಳಿ ತಗೀ ಅಂತಾನ, ಕಲತಾಂವ," ಎಂದು ಅತ್ತೆ ಗದರಿದರು.

ಕೊನೆಗೆ ಬಳೆಗಳನ್ನು ಮೇಲಕ್ಕೆ ಸರಿಸಿ, ಮೇಲೆ ಹಳೆಯ ಟವೆಲ್ ಸುತ್ತಿಕೊಂಡು ಕೈ ಹಾಕಿದೆ. ಸಿಕ್ಕ ಕಾಳನ್ನು ಮೊರದಲ್ಲಿ ಹಾಕುತ್ತ ಹೋದೆ. ಅವನು ಪಕ್ಕದಲ್ಲಿ ಕೂತು, "ಪೂರಾ ಸ್ವಚ್ಛ ಆತು ಅಂತ ನೀ ಹೇಳಬೇಕು. ನೀ ಹೇಳೂತನಕ ನಾ ಹಚ್ಚಾಂಗಿಲ್ಲ," ಎಂದ.

ಎರಡನೆಯ ದಿನಕ್ಕೆ ಒಳಗೆ ಏನೂ ಉಳಿದಿರಲಿಲ್ಲ. ನಾನು ಹೇಳಲಿಲ್ಲ. "ಇನ್ನೂ ಒಂದ ಕಾಳ ಅಲ್ಲೇ ಎಲ್ಲೋ ಐತಿ ನೋಡು," ಎಂದೆ. ಮೂರನೆಯ ದಿನವೂ ಅದನ್ನೇ ಎಂದೆ. ಅವನು ವಾದ ಮಾಡಲಿಲ್ಲ. ದಿನಾ ನನ್ನ ರೊಟ್ಟಿ ಮುಗಿಯುವುದನ್ನೇ ಕಾದು, ಆ ಕವಚವನ್ನು ಒಗೆದ ಬಟ್ಟೆಯ ಮೇಲೆ ಇಟ್ಟು ತರುತ್ತಿದ್ದ. ನಾನು ಖಾಲಿ ಶಂಖದಲ್ಲಿ ಕೈ ಆಡಿಸುತ್ತಿದ್ದೆ. ಬಾಗಿಲಲ್ಲಿ ನಿಂತ ನೆರೆಮನೆಯ ಕೃಷ್ಣವ್ವ, "ಒಂದ ಹಿಡಿ ಜ್ವಾಳಾ ಎಂಟ ದಿನಾ ಆರಸಾಕತ್ತೀರಲ್ರಿ ಅನ್ನಪೂರ್ಣಕ್ಕಾ. ನಮ್ಮನಿ ಚೀಲಾನೂ ಕಳಸಲೇನು?" ಎಂದಳು.

ಒಂಬತ್ತನೆಯ ದಿನ ಅವನು ಬರಿಗೈಯಲ್ಲಿ ಬಂದು ಒಲೆಯ ಪಕ್ಕ ಕೂತ.

"ಅವ್ವಾ, ನಾಕನೇ ದಿನಾನ ಸೀಮಿಎಣ್ಣಿ ಹಾಕಿ ತೊಳದು ನೋಡಿನಿ. ಒಂದೂ ಕಾಳ ಬರಲಿಲ್ಲ."

"ಮತ್ತ ಯಾಕ ಹಚ್ಚಲಿಲ್ಲ?"

"ನೀ ಹೇಳಿಲ್ಲಲ್ಲ."

ಮೈಯೆಲ್ಲ ಉರಿದು ಹೋಯಿತು. ಜಗಳಕ್ಕೆ ಬಂದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಕದ್ದು ಹಚ್ಚಿದ್ದರೆ ಅತ್ತು ಕರೆದು ಊಟ ಬಿಡುತ್ತಿದ್ದೆ. ಸುಮ್ಮನೆ ಕಾಯುವವನನ್ನು ಏನು ಮಾಡುವುದು? ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನನ್ನ ಎದಿಮಟ್ಟಕ್ಕಿಂತ ಮ್ಯಾಲ ಹೋಗಬಾರದು," ಎಂದೆ.

"ಆತು."

"ಸ್ವಚ್ಛ ಐತಿ," ಎಂದೆ. ಹಂಚಿನ ಮೇಲಿನ ರೊಟ್ಟಿ ಸೀದಿತ್ತು.

ಮರುದಿನ ಬೆಳಿಗ್ಗೆ ಗರಸಿನ ಬಯಲಲ್ಲಿ ಹಚ್ಚಿದ. ಕಿವಿ ಮುಚ್ಚಿಕೊಂಡರೂ ಸದ್ದು ಹಲ್ಲಿನಲ್ಲಿ ಕೇಳುತ್ತಿತ್ತು. ವಿಮಾನ ಎತ್ತೆತ್ತಿ ಹಾಕುತ್ತ ಓಡಿತು. ಹಿಂದೆ ಉದ್ದಕ್ಕೂ ಕೆಂಧೂಳು. ನೋಡನೋಡುತ್ತಿದ್ದಂತೆ ಧೂಳು ನಿಂತಿತು. ಗಾಲಿ ನೆಲ ಬಿಟ್ಟಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಮೊಣಕಾಲು ಮಟ್ಟ, ಸೊಂಟದ ಮಟ್ಟ. ಅದರ ಮೂತಿ ಇನ್ನೂ ಮೇಲಕ್ಕೇ ಇತ್ತು. ಏಳುತ್ತಿತ್ತು, ಬಿಟ್ಟಿದ್ದರೆ ಏಳುತ್ತಿತ್ತು. ಅಷ್ಟರಲ್ಲಿ ಅವನು ಎಣ್ಣೆ ನಿಲ್ಲಿಸಿದ. ಕೆಳಗೆ ಕುಪ್ಪಳಿಸಿ, ಒಂದು ಗಾಲಿ ಮುರಿದು, ರೆಕ್ಕೆಯ ಮೇಲೆ ವಾಲಿ ನಿಂತಿತು.

ಹೆಲ್ಮೆಟ್ ಕಿತ್ತು ಓಡುತ್ತ ಬಂದ. "ದಾಟಲಿಲ್ಲಲ್ಲ?"

ಅಷ್ಟೊತ್ತಿಗೆ ನಾನು ನೆಲಕ್ಕೆ ಕೂತುಬಿಟ್ಟಿದ್ದೆ. ಎದೆಮಟ್ಟ ಎಲ್ಲಿಗೆ ಬರುತ್ತದೆ ಎಂದು ಅಳೆಯುವ ಹಾಗಿರಲಿಲ್ಲ. "ಇಲ್ಲ," ಎಂದೆ.

"ಮುಂದಿನ ಸಲ ನಮ್ಮ ಬೇವಿನ ಗಿಡದ ಮಟ್ಟ ಅಂತೀಯೇನು?"

"ಮೊದಲ ಮನಿಗೆ ನಡಿ, ಉಣ್ಣು."

ಅದಾಗಿ ನಾಲ್ಕು ದಿನ. ಗಾಲಿ ಆಗಲೇ ಸರಿಮಾಡಿದ್ದಾನೆ. ಮತ್ತೆ ಕೇಳಿಲ್ಲ, ಕೇಳುವವನೂ ಅಲ್ಲ. ಅಂಗಡಿಗೆ ಬುತ್ತಿ ಕಟ್ಟಿಕೊಡುವಾಗ ಒಮ್ಮೆ ನನ್ನ ಮುಖ ನೋಡುತ್ತಾನೆ, ನಾನು ಪಲ್ಯದ ಪಾತ್ರೆ ನೋಡುತ್ತೇನೆ. ನಿನ್ನೆ ನೀರು ತರುವಾಗ ಬೇವಿನ ಗಿಡದ ಕೆಳಗೆ ಕೊಡ ಇಳಿಸಿ ತುದಿಯವರೆಗೆ ಕಣ್ಣು ಹಾಯಿಸಿದೆ. ಬಹಳ ಎತ್ತರ. ಅರ್ಧ ಗಿಡ ಎಂದರೆ ಒಪ್ಪುತ್ತಾನೋ ಏನೋ.